75 ನಿಮಿಷ, ಒಂದು ಟ್ರಂಕು

ಮೊದಲ ಸಲ ಸ್ಟಾಪ್‌ವಾಚ್ ಹಿಡಿದು ನಾಟಕವನ್ನು ಪೂರ್ತಿ ಓಡಿಸಿದಾಗ 65 ನಿಮಿಷ ಬಂತು. ಸಣ್ಣ ಸಣ್ಣ ತಂಡಗಳು ಒಂದರ ಹಿಂದೆ ಒಂದು ನಾಟಕ ಆಡುವ ಫ್ರಿಂಜ್ ಉತ್ಸವದಲ್ಲಿ ನಮಗೆ ಸಿಕ್ಕಿದ್ದ ಸ್ಲಾಟ್ 75 ನಿಮಿಷದ್ದು. ಇನ್ನೂ ಹತ್ತು ನಿಮಿಷ ಕೈಯಲ್ಲಿದೆ ಅಂತ ಖುಷಿಪಟ್ಟೆ. ಆಮೇಲೆ ಉತ್ಸವದವರು ಕಳಿಸಿದ ಕಾಗದವನ್ನು ಸರಿಯಾಗಿ ಓದಿದೆ. ಒಳಗೆ ಬರುವುದು, ಸಾಮಾನು ಜೋಡಿಸುವುದು, ಜನರನ್ನು ಕೂರಿಸುವುದು, ನಾಟಕ ಆಡುವುದು, ಎಲ್ಲ ಎತ್ತಿಕೊಂಡು ಜಾಗ ಖಾಲಿ ಮಾಡುವುದು, ಇಷ್ಟೂ ಆ 75 ನಿಮಿಷದಲ್ಲೇ ಮುಗಿಯಬೇಕು. ಮುಂದಿನ ತಂಡ ಬಾಗಿಲಲ್ಲೇ ಕಾಯುತ್ತಿರುತ್ತದೆ. ಜೋಡಿಸೋಕೆ 10, ಕೂರಿಸೋಕೆ 8, ಎತ್ತೋಕೆ 7. ನಾಟಕಕ್ಕೆ ಉಳಿದಿದ್ದು 50.

ಹದಿನೈದು ನಿಮಿಷ ಹೆಚ್ಚಾಗಿದೆ ಅಂತ ಅಲ್ಲಿಯವರೆಗೆ ನಮಗೆ ಯಾರೂ ಹೇಳಿರಲಿಲ್ಲ. ಹೇಳುವವರು ಇರಲೂ ಇಲ್ಲ. ಫ್ರಿಂಜ್ ಹುಟ್ಟಿದ್ದೇ ಹಾಗೆ ಅಲ್ವಾ? 1947ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ದೊಡ್ಡ ಅಂತರರಾಷ್ಟ್ರೀಯ ಉತ್ಸವ ಶುರುವಾದಾಗ ಎಂಟು ತಂಡಗಳು ಕರೆಯದೇ ಬಂದು, ತಾವೇ ಜಾಗ ಹುಡುಕಿಕೊಂಡು ನಾಟಕ ಆಡಿದವು. ಇವತ್ತಿಗೂ ಅಲ್ಲಿನ ಫ್ರಿಂಜ್‌ಗೆ ಆಯ್ಕೆ ಸಮಿತಿ ಅಂತ ಇಲ್ಲ. ಕೆನಡಾದ ಅನೇಕ ಫ್ರಿಂಜ್‌ಗಳಲ್ಲಿ ಲಾಟರಿ ಎತ್ತಿ ತಂಡಗಳನ್ನು ಆರಿಸುತ್ತಾರೆ. ನಾವೂ ಚೀಟಿ ಎತ್ತಿದಾಗ ಹೆಸರು ಬಂದವರೇ. ಬೇಡ ಅನ್ನುವವರು ಯಾರೂ ಇಲ್ಲದಿರುವುದು ದೊಡ್ಡ ಸ್ವಾತಂತ್ರ್ಯ. ಆದರೆ ನಾಟಕ ಎಲ್ಲಿ ಎಳೆಯುತ್ತಿದೆ ಅಂತ ಹೇಳುವವರೂ ಇರುವುದಿಲ್ಲ. ನಮ್ಮ ಪಾಲಿಗೆ ಆ ಕೆಲಸ ಮಾಡಿದ್ದು ಗಡಿಯಾರ.

ನಾಟಕ ಸಣ್ಣದು. ತೀರಿಕೊಂಡ ಅಮ್ಮನ ಮನೆ ಖಾಲಿ ಮಾಡಲು ಅಕ್ಕ ತಂಗಿ ಬರುತ್ತಾರೆ. ಬೀಗ ಹಾಕಿದ ಒಂದು ಟ್ರಂಕು ಇದೆ. ಕೀ ಯಾರ ಹತ್ತಿರ ಇರಬೇಕು ಅನ್ನುವುದೇ ಜಗಳ. ಇಬ್ಬರು ನಟಿಯರು, ಬೆಳಕು ಮತ್ತು ಧ್ವನಿ ನೋಡಿಕೊಳ್ಳುವ ಒಬ್ಬ ಹುಡುಗ, ಜೊತೆಗೆ ನಿರ್ದೇಶನಕ್ಕೆ ನಾನು. ಅಷ್ಟೇ ತಂಡ. ಬರೆದವನು ನನ್ನ ಗೆಳೆಯ.

ಕತ್ತರಿಸೋಕೆ ಕೂತೆ. ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮೊದಲು ಮಾಡಿದೆ. ಪುಟಕ್ಕೆ ಎರಡು ಮೂರು ಸಾಲು ತೆಗೆಯುತ್ತಾ ಹೋದೆ. ಮೂರು ರಾತ್ರಿ ಕೂತರೂ ಕಡಿಮೆಯಾಗಿದ್ದು ನಾಲ್ಕೇ ನಿಮಿಷ. ಅದರ ಮೇಲೆ ಮಾತುಗಳ ಲಯವೂ ಕೆಟ್ಟಿತು. ನಟಿಯರು ಕಲಿತ ಸಾಲು ಮರೆಯಲಾರದೆ, ಹೊಸದು ನೆನಪಾಗದೆ ತಡವರಿಸಿದರು. ಕೊನೆಗೆ ನನಗೆ ತುಂಬಾ ಇಷ್ಟವಾಗಿದ್ದ ದೃಶ್ಯವನ್ನೇ ಇಡಿಯಾಗಿ ತೆಗೆದೆ. ಅಮ್ಮನ ಕೊನೆಯ ದಿನಗಳ ಬಗ್ಗೆ ಅಕ್ಕ ಒಬ್ಬಳೇ ಮಾತಾಡುವ ದೃಶ್ಯ ಅದು, ಒಂಬತ್ತು ನಿಮಿಷ. ಗೆಳೆಯ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ದೃಶ್ಯಗಳ ನಡುವೆ ಆರು ಸಲ ಪೂರ್ತಿ ಕತ್ತಲು ಇತ್ತು, ಅದನ್ನೂ ಎತ್ತಿಹಾಕಿದೆ. ಕತ್ತಲಲ್ಲಿ ನಟಿಯರು ಸ್ಟೂಲು ಸರಿಸಿ ಜಾಗಕ್ಕೆ ಹೋಗೋಕೆ ಅರ್ಧ ನಿಮಿಷಕ್ಕಿಂತ ಜಾಸ್ತಿ ಬೇಕು. ಬೆಳಕಿನಲ್ಲೇ, ಜಗಳದ ನಡುವೆಯೇ ಸರಿಸಿ ಅಂದೆ. ನಾಟಕ 48 ನಿಮಿಷಕ್ಕೆ ಬಂತು. ಉಳಿದ ಎರಡು ನಿಮಿಷವನ್ನು ಬೇಕಂತಲೇ ಬಿಟ್ಟೆ. ಜನ ನಕ್ಕರೆ ಅದಕ್ಕೂ ಹೊತ್ತು ಬೇಕಲ್ಲ.

ರಂಗಸಜ್ಜಿಕೆಯ ಕಥೆಯೂ ಅದೇ. ಮೊದಲು ಒಂದು ಮಂಚ, ಒಂದು ಕಪಾಟು, ನಾಲ್ಕು ಕುರ್ಚಿ ಇದ್ದವು. ಜೋಡಿಸಿ ನೋಡಿದರೆ 19 ನಿಮಿಷ. ಕಡೆಗೆ ಒಂದು ಟ್ರಂಕು, ಎರಡು ಸ್ಟೂಲು ಉಳಿದವು. ಪರಿಕರಗಳೆಲ್ಲ ಟ್ರಂಕಿನೊಳಗೇ ಹಿಡಿಯಬೇಕು ಅಂತ ನಿಯಮ ಮಾಡಿದೆವು. ಜೋಡಿಸುವುದಕ್ಕೂ ಎತ್ತುವುದಕ್ಕೂ ಬೇರೆ ತಾಲೀಮು ಇಟ್ಟೆವು. ಯಾರು ಏನು ಹಿಡಿಯಬೇಕು, ಯಾವ ಬಾಗಿಲಿಂದ ಬರಬೇಕು, ಎಲ್ಲ ಬ್ಲಾಕಿಂಗ್ ಥರವೇ, ಅಂದರೆ ನಟರು ಎಲ್ಲಿ ನಿಲ್ಲಬೇಕು, ಹೇಗೆ ಓಡಾಡಬೇಕು ಅಂತ ಗೊತ್ತುಮಾಡುವ ಹಾಗೆ. ನಗಬೇಡಿ, ಉತ್ಸವದಲ್ಲಿ ನಮ್ಮನ್ನು ಜಾಸ್ತಿ ಕಾಪಾಡಿದ್ದು ಆ ತಾಲೀಮೇ.

ನೆಲಕ್ಕೆ ಅಂಟಿಸುವ ಟೇಪಿನ ಗುರುತಲ್ಲಿ ಒಂದು ಪೆಟ್ಟು ತಿಂದೆವು. ಒಂದೇ ಜಾಗದಲ್ಲಿ ದಿನಕ್ಕೆ ಆರು ತಂಡ ಆಡುತ್ತವೆ. ಒಂದೊಂದಕ್ಕೂ ಒಂದೊಂದು ಬಣ್ಣ. ನಾವು ಕೆಂಪು ಆರಿಸಿಕೊಂಡೆವು. ನಮ್ಮ ಸಂಜೆಯ ದೃಶ್ಯಕ್ಕೆ ನೀಲಿ ಬೆಳಕು ಬಿದ್ದ ಕೂಡಲೇ ಕಪ್ಪು ನೆಲದ ಮೇಲೆ ಗುರುತು ಕಾಣದಂತಾಯಿತು! ಬಿಳಿ ಅಂಟಿಸಿದೆವು. ಮೂರನೇ ದಿನ ಯಾರೋ ನೆಲ ಒರೆಸುವಾಗ ಅದೂ ಕಿತ್ತುಹೋಗಿತ್ತು. ಆಮೇಲೆ ಗಂಟು ಹಾಕಿದ ಒಂದು ಹಗ್ಗ ಮಾಡಿಕೊಂಡೆ. ರಂಗದ ಮುಂಚೂಣಿಯ ನಡುವಿನಿಂದ ಹಿಡಿದರೆ ಮೊದಲ ಗಂಟಿಗೆ ಟ್ರಂಕು, ಎರಡನೆಯದಕ್ಕೆ ಸ್ಟೂಲು. ಟೇಪು ಇರಲಿ ಬಿಡಲಿ, ಒಂದು ನಿಮಿಷದ ಕೆಲಸ.

ಬೆಳಕು, ಧ್ವನಿ ಹೊಂದಿಸಿ ನೋಡುವ ಟೆಕ್ ರಿಹರ್ಸಲ್‌ಗೆ ಸಿಕ್ಕಿದ್ದು ಎರಡು ಗಂಟೆ. ದೀಪಗಳನ್ನು ಎಲ್ಲ ತಂಡಕ್ಕೂ ಸೇರಿಸಿ ಮೊದಲೇ ಕಟ್ಟಿರುತ್ತಾರೆ. ಯಾವುದನ್ನೂ ತಿರುಗಿಸುವ ಹಾಗಿಲ್ಲ. ಅಂದರೆ ಬೆಳಕು ನಟಿಯ ಹತ್ತಿರ ಬರುವುದಿಲ್ಲ, ನಟಿಯೇ ಬೆಳಕು ಇರುವಲ್ಲಿಗೆ ಹೋಗಬೇಕು. ನನ್ನ ಹಾಳೆಯಲ್ಲಿ 34 ಕ್ಯೂ, ಅಂದರೆ ಬೆಳಕು ಅಥವಾ ಧ್ವನಿ ಬದಲಾಗಬೇಕಾದ ಗುರುತುಗಳು, ಇದ್ದವು. ಶುರುವಿನಲ್ಲಿ ಕಿಟಕಿಯಿಂದ ಬೆಳಗಿನ ಬೆಳಕು ನಿಧಾನಕ್ಕೆ ಏರಬೇಕು ಅಂತ ನನಗೆ ಆಸೆ. ಅದೊಂದಕ್ಕೇ 40 ನಿಮಿಷ ಕಳೆದೆ. ಕೊನೆಯ ಹನ್ನೆರಡು ಕ್ಯೂಗಳನ್ನು ನೋಡಲೇ ಇಲ್ಲ. ದೀಪದ ಬೋರ್ಡಿನಲ್ಲಿದ್ದ ಹುಡುಗ ಸಮಾಧಾನವಾಗಿ ಕೇಳಿದ, ‘ನಾಟಕದ ಕೊನೆ ಕತ್ತಲಲ್ಲೇ ಆಡ್ತೀರಾ?’ ಅವತ್ತು ರಾತ್ರಿ 34ನ್ನು 13ಕ್ಕೆ ಇಳಿಸಿದೆ. ಬೆಳಗಿನ ಬೆಳಕು ಹೋಯಿತು. ಅದರ ಬದಲು ಜನ ಒಳಗೆ ಬರುವಾಗಲೇ ನಟಿಯರು ರಂಗದ ಮೇಲೆ ಬಟ್ಟೆ ಮಡಚುತ್ತಾ ಕೂತಿರುತ್ತಾರೆ ಅಂತ ಮಾಡಿದೆ. ಕೂರಿಸುವ ಎಂಟು ನಿಮಿಷ ಸುಮ್ನೆ ಹಾಳಾಗುತ್ತಿತ್ತು. ಈಗ ಅದೂ ನಾಟಕವಾಯಿತು. ಜನ ತಾವಾಗಿಯೇ ಪಿಸುಮಾತಿಗೆ ಇಳಿಯುತ್ತಿದ್ದರು. ಇದನ್ನು ಕ್ಯೂ ಹಾಳೆ ಹಿಡಿದು ಕೂತಿದ್ದರೆ ನಾನು ಯೋಚಿಸುತ್ತಲೇ ಇರಲಿಲ್ಲ. ಮುಂದಿನ ಸಲ ಟೆಕ್‌ಗೆ ಹೋದರೆ ಮಾತೆಲ್ಲ ಬಿಟ್ಟು ಕ್ಯೂನಿಂದ ಕ್ಯೂಗೆ ಹಾರುತ್ತೇನೆ, ಅದೂ ಕೊನೆಯಿಂದ ಶುರುಮಾಡಿ.

ಒಟ್ಟು ಏಳು ಪ್ರಯೋಗ. ಮೊದಲ ದಿನ 60 ಸೀಟಿನಲ್ಲಿ 31 ಜನ, ಅರ್ಧಕ್ಕರ್ಧ ನಮ್ಮವರೇ. ಚೆನ್ನಾಗಿ ಹೋಯಿತು. ನಾನು ಕೊನೆಯ ಸಾಲಿನಲ್ಲಿ ಕೂತು ಎಲ್ಲಿ ಏನು ತಿದ್ದಬೇಕು ಅಂತ ಎರಡು ಪುಟ ನೋಟ್ಸ್ ಬರೆದೆ. ಅವತ್ತೇ ರಾತ್ರಿ, ಮೇಕಪ್ ಒರೆಸುತ್ತಿದ್ದ ನಟಿಯರ ಮುಂದೆ ಎರಡೂ ಪುಟ ಓದಿದೆ. ಮಾರನೇ ದಿನ ಬಂದಿದ್ದು ಏಳು ಜನ. ಅವರೂ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ. ತಂಗಿಯ ಪಾತ್ರದವಳು ಪ್ರತಿ ಸಾಲಿಗೂ ಮೊದಲು ಒಂದು ಕ್ಷಣ ನಿಲ್ಲುತ್ತಿದ್ದಳು. ಆ ಕ್ಷಣದಲ್ಲಿ ನನ್ನ ನೋಟ್ಸ್ ನೆನಪಿಸಿಕೊಳ್ಳುತ್ತಿದ್ದಳು ಅಂತ ನನಗೆ ಅಲ್ಲೇ ಗೊತ್ತಾಯಿತು. ಆಮೇಲೆ ಅಕ್ಕನ ಪಾತ್ರದವಳು ನನ್ನನ್ನು ಪಕ್ಕಕ್ಕೆ ಕರೆದು, ‘ನೀನು ಬರೆಯೋ ಸದ್ದು ರಂಗದ ಮೇಲೆ ಕೇಳ್ಸತ್ತೆ’ ಅಂದಳು.

ಎರಡನೇ ಪ್ರಯೋಗ ಜಾರುವುದು ಹೊಸದೇನಲ್ಲ, ಮೊದಲ ದಿನದ ಭಯ ಇಳಿದ ಮೇಲೆ ಎಲ್ಲ ತಂಡಕ್ಕೂ ಆಗುತ್ತದೆ. ಆದರೆ ಇದು ಜಾರಿದ್ದಲ್ಲ, ನಾನೇ ತಳ್ಳಿದ್ದು. ಅವತ್ತಿಂದ ದಿನಕ್ಕೆ ಮೂರೇ ನೋಟ್ಸ್. ಅದೂ ರಾತ್ರಿ ಅಲ್ಲ, ಮಾರನೇ ದಿನ ಪ್ರಯೋಗಕ್ಕೆ ಒಂದು ಗಂಟೆ ಮುಂಚೆ. ಪೆನ್ನು ಬಿಟ್ಟು ಬಾಗಿಲ ಹತ್ತಿರ ನಿಂತೆ. ಜನ ಕಡಿಮೆ ಇದ್ದರೆ ಹಿಂದಿನ ಸಾಲುಗಳಿಗೆ ಹಗ್ಗ ಕಟ್ಟಿ ಎಲ್ಲರನ್ನೂ ಮುಂದೆ ಕೂರಿಸಿದೆ. ಏಳು ಜನ ಒಟ್ಟಿಗೆ ಕೂತರೆ ಒಬ್ಬರ ನಗು ಇನ್ನೊಬ್ಬರಿಗೆ ಹತ್ತುತ್ತದೆ.

ಕರಪತ್ರ ಹಂಚುವ ಕೆಲಸವೂ ನನ್ನದೇ ಆಗಿತ್ತು. ಸಂಬಂಧಗಳ ಒಳಸುಳಿ, ನೆನಪುಗಳ ಭಾರ ಅಂತೆಲ್ಲ ಶುರುಮಾಡಿದರೆ ಯಾರೂ ನಿಲ್ಲುವುದಿಲ್ಲ. ‘ಅಕ್ಕ ತಂಗಿ, ಅಮ್ಮನ ಟ್ರಂಕು, ಕೀ ಯಾರಿಗೆ ಅಂತ ಜಗಳ, 50 ನಿಮಿಷ’ ಅಂದರೆ ಕೈ ಚಾಚುತ್ತಾರೆ. ನಮ್ಮ ನಾಟಕಕ್ಕಿಂತ ಸ್ವಲ್ಪ ಮೊದಲು ಮುಗಿಯುವ ನಾಟಕದ ಸಾಲಿನಲ್ಲಿ ನಿಂತವರಿಗೆ ಹಂಚಬೇಕು. ಅವರು ಹೇಗೂ ನಾಟಕ ನೋಡೋಕೆ ಬಂದವರು, ಮುಂದಿನ ಒಂದು ಗಂಟೆ ಏನು ಮಾಡೋದು ಅಂತ ಯೋಚಿಸುತ್ತಿರುತ್ತಾರೆ.

ಇನ್ನು ಗೋಡೆಯ ವಿಷಯ. ನಾಟಕದ 31ನೇ ನಿಮಿಷಕ್ಕೆ ಟ್ರಂಕು ತೆರೆಯುತ್ತದೆ. ಒಳಗೆ ಹೆಚ್ಚುಕಡಿಮೆ ಏನೂ ಇಲ್ಲ. ಇಬ್ಬರೂ ಮಾತಿಲ್ಲದೆ ನಿಲ್ಲುತ್ತಾರೆ. ಅಲ್ಲಿ ಮೌನ ಬೇಕು. ಸರಿಯಾಗಿ ಅದೇ ಹೊತ್ತಿಗೆ ಪಕ್ಕದ ಕೋಣೆಯ ನಾಟಕದಲ್ಲಿ ಕುಣಿತದ ಸಂಗೀತ ಶುರು. ಗೋಡೆ ತೆಳು. ಧಡ್ ಧಡ್ ಅಂತ ಒಂದೂವರೆ ನಿಮಿಷ. ಮೊದಲ ಎರಡು ದಿನ ನಾನು ಹಲ್ಲು ಕಚ್ಚಿಕೊಂಡೆ. ಆ ತಂಡಕ್ಕೂ ಹೋಗಿ ಹೇಳಿದೆ. ಸ್ವಲ್ಪ ಸದ್ದು ಇಳಿಸಿದರು ಪಾಪ, ಅವರ ನಾಟಕವೂ ನಡೆಯಬೇಕಲ್ಲ. ಮೂರನೇ ದಿನ ಅಕ್ಕನ ಪಾತ್ರದವಳು ತಾನಾಗಿಯೇ ಎದ್ದು ಹೋಗಿ ಗೋಡೆಗೆ ಎರಡು ಸಲ ಗುದ್ದಿದಳು. ಪಕ್ಕದ ಮನೆಯವರ ಮೇಲೆ ರೇಗುವ ಹಾಗೆ. ಜನ ಜೋರಾಗಿ ನಕ್ಕರು. ಆ ನಗು ಇಳಿಯುವಾಗ ಅವಳು ಗೋಡೆಗೆ ಹಣೆ ಒರಗಿಸಿ ಸುಮ್ಮನೆ ನಿಂತಳು. ನಾಲ್ಕನೇ ದಿನದಿಂದ ಅದು ನಾಟಕದ ಭಾಗವಾಯಿತು.

ಐದನೇ ದಿನ ಪಕ್ಕದ ತಂಡಕ್ಕೆ ರಜೆ. ಇದು ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. ಅವಳು ಗೋಡೆಯ ಹತ್ತಿರ ಹೋಗಿ ಗುದ್ದಲು ಕೈ ಎತ್ತಿದಳು. ಸದ್ದೇ ಇಲ್ಲ. ಎತ್ತಿದ ಕೈ ಅಲ್ಲೇ ನಿಂತಿತು. ಅವಳು ಕಾದಳು, ಬಾಗಿಲಲ್ಲಿ ನಿಂತ ನಾನೂ ಕಾದೆ. ಆಮೇಲೆ ಕೈಯನ್ನು ಮೆಲ್ಲಗೆ ಇಳಿಸಿ, ಅಂಗೈಯನ್ನು ಗೋಡೆಗೆ ಒತ್ತಿದಳು. ಅವತ್ತು ಬಂದವರು 22 ಜನ. ಒಬ್ಬರೂ ಕೆಮ್ಮಲಿಲ್ಲ.

ಉಳಿದೆರಡು ದಿನ ಸಂಗೀತ ವಾಪಸ್ ಬಂತು, ನಗುವೂ ಬಂತು. ಕೊನೆಯ ದಿನ ನಾಲ್ಕೂವರೆ ನಿಮಿಷದಲ್ಲಿ ಜಾಗ ಖಾಲಿ ಮಾಡಿದೆವು.

ಮೂರು ತಿಂಗಳಾದ ಮೇಲೆ ಬೇರೆ ಕಡೆ ಇದೇ ನಾಟಕ ಆಡಲು ಒಂದೂವರೆ ಗಂಟೆ ಸಿಕ್ಕಿತು. ಗೆಳೆಯನಿಗೆ ಖುಷಿಯೋ ಖುಷಿ. ತೆಗೆದಿದ್ದ ಒಂಬತ್ತು ನಿಮಿಷದ ದೃಶ್ಯವನ್ನು ಮತ್ತೆ ಸೇರಿಸಿ ತಾಲೀಮಿಗೆ ಕೂತೆವು. ಅಕ್ಕನ ಪಾತ್ರದವಳು ಅರ್ಧದವರೆಗೆ ಚೆನ್ನಾಗಿಯೇ ಹೇಳಿದಳು. ಆಮೇಲೆ ನಿಲ್ಲಿಸಿ ನಮ್ಮ ಕಡೆ ತಿರುಗಿದಳು. ‘ಇದನ್ನೆಲ್ಲ ಗೋಡೆ ಹತ್ತಿರ ಆಗಲೇ ಹೇಳಿಬಿಟ್ಟಿದ್ದೀನಲ್ಲ’ ಅಂದಳು. ಗೆಳೆಯ ಸ್ವಲ್ಪ ಹೊತ್ತು ನೆಲ ನೋಡುತ್ತಾ ಕೂತಿದ್ದ. ಆಮೇಲೆ ಆ ನಾಲ್ಕು ಹಾಳೆಗಳನ್ನು ಮಡಚಿ ತಾನೇ ಟ್ರಂಕಿನೊಳಗೆ ಹಾಕಿದ.