ಮೂಲಂಗಿ ಸೊಪ್ಪಿಗೆ ಹುಳಿ ಬರಿಸಿದ್ದು

ದಾವಣಗೆರೆ ಮಾರ್ಕೆಟ್ಟಿನಲ್ಲಿ ಮೂಲಂಗಿ ಕೊಂಡರೆ ಸೊಪ್ಪು ಮುರಿದು ಪಕ್ಕಕ್ಕೆ ಎಸೆಯುತ್ತಾರೆ. ನಾನು ಮುರಿಯಬೇಡಿ ಅನ್ನುತ್ತೇನೆ. ನನಗೆ ಬೇಕಿರುವುದೇ ಆ ಸೊಪ್ಪು.

ನೇಪಾಳದಲ್ಲಿ ಇಂಥ ಸೊಪ್ಪನ್ನು ಬಾಡಿಸಿ, ಜಜ್ಜಿ, ಒತ್ತಿ ತುಂಬಿ ಹುಳಿ ಬರಿಸುತ್ತಾರೆ. ಆಮೇಲೆ ಒಣಗಿಸುತ್ತಾರೆ. ಗುಂಡ್ರುಕ್ ಅಂತ ಹೆಸರು. ಉಪ್ಪೇ ಹಾಕುವುದಿಲ್ಲ. ಅಷ್ಟು ಧೈರ್ಯ ನನಗಿರಲಿಲ್ಲ, ಉಪ್ಪು ಹಾಕಿಯೇ ಮಾಡಿದೆ.

ಮೊದಲ ಸಲ ಮಾಡಿದ್ದು ಏಪ್ರಿಲ್‌ನಲ್ಲಿ, ಕೈಯಳತೆಯ ಉಪ್ಪಿನಲ್ಲಿ. ಮೂರೇ ದಿನಕ್ಕೆ ಸೊಪ್ಪು ಲೋಳೆಯಾಯಿತು. ತೇಲಿದ ಎಲೆಗಳ ಮೇಲೆ ಕಪ್ಪು ಬೂಷ್ಟು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು, "ತಿಪ್ಪೆಗೆ ಹಾಕಿದ್ರೂ ಹಿಂಗೇ ಆಗ್ತಿತ್ತಲ್ಲವ್ವಾ" ಅಂದರು. ಅಷ್ಟನ್ನೂ ಚೆಲ್ಲಿದೆ.

ಡಿಸೆಂಬರ್‌ನಲ್ಲಿ ಮತ್ತೆ ಕೂತೆ. ಮಣ್ಣು ಹೋಗುವಷ್ಟು ತೊಳೆದೆ, ಬಿಸಿನೀರು ಸೋಕಿಸಲಿಲ್ಲ. ಹುಳಿ ಬರಿಸುವ ಬ್ಯಾಕ್ಟೀರಿಯಾ ಎಲೆಯ ಮೇಲೇ ಇರುತ್ತವೆ, ಹೆಪ್ಪು ಹಾಕಬೇಕಿಲ್ಲ. ಅರ್ಧ ದಿನ ನೆರಳಲ್ಲಿ ಬಾಡಿಸಿ, ಹೆಚ್ಚಿ, ಈ ಸಲ ತೂಕ ಮಾಡಿದೆ: 1 ಕಿಲೋ ಸೊಪ್ಪಿಗೆ 25 ಗ್ರಾಂ ಉಪ್ಪು. ನೀರು ಬಿಡುವವರೆಗೆ ಕಿವುಚಿ ಜಾಡಿಗೆ ಒತ್ತಿದೆ. ಮೇಲೆ ನೀರು ತುಂಬಿದ ಗಾಜಿನ ಲೋಟ ಹೇರಿದೆ. ಒಂದೆಲೆಯೂ ನೀರಿನಿಂದ ಮೇಲೆ ಬರಬಾರದು, ಗಾಳಿ ತಾಗಿದಲ್ಲೇ ಬೂಷ್ಟು ಹಿಡಿಯುವುದು. ಮುಚ್ಚಳ ಬಿಗಿ ಮಾಡಲಿಲ್ಲ, ಗ್ಯಾಸ್ ಹೋಗಬೇಕಲ್ವಾ?

ಎರಡನೇ ದಿನ ಗುಳ್ಳೆ ಎದ್ದವು. ಅದು ಲ್ಯೂಕೊನೊಸ್ಟಾಕ್ ಅನ್ನುವ ಬ್ಯಾಕ್ಟೀರಿಯಾದ ಕೆಲಸ. ಇಡ್ಲಿ, ದೋಸೆ ಹಿಟ್ಟು ಉಬ್ಬಿಸುವುದೂ ಅದೇ. ಬೆಣ್ಣೆ ದೋಸೆಯ ಊರಿನವರಿಗೆ ಹಳೇ ನೆಂಟ! ಹುಳಿ ಏರಿದಂತೆ ಅದು ಹಿಂದೆ ಸರಿಯುತ್ತದೆ. ಹುಳಿ ತಡೆದುಕೊಳ್ಳುವ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಮುಂದಿನದನ್ನು ನೋಡಿಕೊಳ್ಳುತ್ತದೆ. ಮೊದಲನೆಯದಕ್ಕೆ 20 ಡಿಗ್ರಿ ಆಸುಪಾಸಿನ ತಂಪು ಹಿತ. ನಮ್ಮೂರಿನ ಏಪ್ರಿಲ್‌ನಲ್ಲಿ ಅದೆಲ್ಲಿ ಸಿಗಬೇಕು?

ನಡುವೆ ಬಾಯಿಗೆ ಹಾಕುವ ಆಸೆಯಾಯಿತು, ತಡೆದುಕೊಂಡೆ. ಸೊಪ್ಪಿನಲ್ಲಿರುವ ನೈಟ್ರೇಟ್ ಅನ್ನುವ ಲವಣ ಮೊದಲ ದಿನಗಳಲ್ಲಿ ನೈಟ್ರೈಟ್ ಆಗುತ್ತದೆ, ಅದು ಜಾಸ್ತಿಯಾದರೆ ಒಳ್ಳೆಯದಲ್ಲ. ಹುಳಿ ಬಲಿತ ಮೇಲೆ ಇಳಿಯುತ್ತದೆ. ಮೂರು ವಾರ ಬಿಟ್ಟೆ. ಹುಳಿ ಅಳೆಯುವ ಪಿಎಚ್ ಪೇಪರ್ 4ಕ್ಕಿಂತ ಕೆಳಗೆ ತೋರಿಸಿತು, ಅಂದರೆ ಹುಳಿ ಚೆನ್ನಾಗಿ ಬಂದಿದೆ. ಲೋಳೆ ಇಲ್ಲ, ಕೊಳೆತ ವಾಸನೆ ಇಲ್ಲ. ಮೇಲೊಂದು ತೆಳು ಬಿಳಿ ಕೆನೆ ಕಟ್ಟಿತ್ತು, ಅದು ಯೀಸ್ಟ್, ತೆಗೆದುಹಾಕಿದೆ. ಬಣ್ಣದ ಬೂಷ್ಟು ಕಂಡಿದ್ದರೆ ಜಾಡಿಯನ್ನೇ ಖಾಲಿ ಮಾಡುತ್ತಿದ್ದೆ.

ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಅದಕ್ಕೇ ಒಗ್ಗರಣೆ ಪೂರ್ತಿ ಆರಿದ ಮೇಲೆ ಮೊಸರಿನ ಜೊತೆ ಕಲಸಿ, ಜೋಳದ ರೊಟ್ಟಿಗೆ ಬಡಿಸಿದೆ. ಅತ್ತೆಗೆ ಬಿಪಿ, ಒಂದೇ ಚಮಚ ಹಾಕಿದ್ದೆ. "ಉಪ್ಪು ಮುಂದಾಗೈತಿ" ಅಂದರು. ರೊಟ್ಟಿ ಮುಗಿಯುವಷ್ಟರಲ್ಲಿ ಬಟ್ಟಲು ನನ್ನ ಕಡೆ ಸರಿಸಿದರು.