ಹಳೇ ಪೇಟೆಯ ಒಂಟಿ ಕೋಣೆ: ಗೋಡೆಗೆ ಆತುಕೊಳ್ಳದ ಅಟ್ಟ

ಸುಣ್ಣದ ಗಾರೆಯ ಇಟ್ಟಿಗೆ ಗೋಡೆ, ಮರದ ಜಂತೆಗಳ ಮೇಲೆ ಹಲಗೆಯ ನೆಲ, 3.7 ಮೀಟರ್ ಎತ್ತರ. ಇಂಥ ಸ್ಟುಡಿಯೋ ಅಪಾರ್ಟ್‌ಮೆಂಟಿನಲ್ಲಿ ಮಿಗುವ ಜಾಗವೆಲ್ಲ ತಲೆಯ ಮೇಲೇ ಇರುತ್ತದೆ. ಹಾಗಾಗಿ ಮಲಗಲು ಅಟ್ಟ ಕಟ್ಟಿದೆ. ಆದರೆ ಮೊದಲು ಗೋಡೆಯ ಕೆಲಸ.

ಕೆಳಗಡೆ ಪ್ಲಾಸ್ಟರ್ ಉಬ್ಬಿ, ಬಿಳಿ ಉಪ್ಪು ಕಾಣಿಸಿಕೊಂಡಿತ್ತು. ಸುಣ್ಣದ ಗೋಡೆಗೆ ಯಾರೋ ಸಿಮೆಂಟು ಮೆತ್ತಿ, ಮೇಲೆ ಎಮಲ್ಷನ್ ಪೇಂಟ್ ಬಳಿದಿದ್ದರು. ಒಳಗಿನ ತೇವಕ್ಕೆ ಹೊರದಾರಿ ಇಲ್ಲದಾಗ ಉಪ್ಪು ಹಿಂದೆಯೇ ಹರಳುಗಟ್ಟಿ ಪ್ಲಾಸ್ಟರನ್ನು ದೂಡುತ್ತದೆ. ಸೋರುವ ಮಳೆನೀರಿನ ಪೈಪನ್ನು ಮೊದಲು ಸರಿಮಾಡಿಸಿ, ತೇವದ ಗೆರೆಗಿಂತ 30 ಸೆಂ.ಮೀ. ಮೇಲಿನವರೆಗೂ ಸಿಮೆಂಟು ಕೆತ್ತಿದೆ. ಇದಕ್ಕೆ ಉಳಿ, ಸುತ್ತಿಗೆಯೇ ಸರಿ. ಮೆಷಿನ್ ಹಚ್ಚಿದರೆ ಇಟ್ಟಿಗೆಯ ಮುಖವೇ ಕಿತ್ತು ಬರುತ್ತದೆ.

ಹೊಸ ಗಾರೆಗೆ ಒಂದು ಪಾಲು ಅರಳಿಸಿ ನೆನೆಹಾಕಿದ ಸುಣ್ಣ, ಮೂರು ಪಾಲು ತೊಳೆದ ದಪ್ಪ ಮರಳು. ಗೋಡೆಗೆ ನೀರು ಚಿಮುಕಿಸಿ, ಒಂದು ಸಲಕ್ಕೆ 10 ಮಿ.ಮೀ. ಮೀರದಂತೆ ಬಳಿಯಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು; ಅದಕ್ಕೆ ಸ್ವಲ್ಪ ತೇವವೂ ಬೇಕು. ಫ್ಯಾನ್ ಹಾಕಿ ಒಣಗಿಸಿದರೆ ಬಿರುಕು ಖಚಿತ. ಒದ್ದೆ ಗೋಣಿತಾಟು ಇಳಿಬಿಡಿ. ಆಮೇಲೆ ಹಾಲಿನಷ್ಟು ತೆಳುವಾದ ಸುಣ್ಣದ ನೀರು, ನಾಲ್ಕು ಕೋಟು. ಸುಣ್ಣ ಕಣ್ಣಿಗೆ ಸಿಡಿಯದಂತೆ ರಕ್ಷಣೆಯ ಕನ್ನಡಕ ಬೇಕೇ ಬೇಕು.

ಇನ್ನು ಅಟ್ಟ. ಹಳೇ ಗಾರೆಯಲ್ಲಿ ಆಂಕರ್ ಬೋಲ್ಟ್ (ಗೋಡೆ ಕೊರೆದು ಒಳಗೆ ಕಚ್ಚಿಸುವ ಬೋಲ್ಟ್) ಹಿಡಿಯುವುದಿಲ್ಲ, ಬಿಗಿದಷ್ಟೂ ಪುಡಿ ಉದುರುತ್ತದೆ. ಅದಕ್ಕೇ ಗೋಡೆಯಿಂದ 5 ಸೆಂ.ಮೀ. ಬಿಟ್ಟು, 90×90 ಮಿ.ಮೀ. ಮರದ ನಾಲ್ಕು ಕಾಲುಗಳ ಮೇಲೇ ನಿಲ್ಲಿಸಿದೆ. ಹಲಗೆಗೆ ಹೊಡೆದ ಮೊಳೆಗಳ ಸಾಲು ನೋಡಿದರೆ ಜಂತೆ ಎಲ್ಲಿದೆ ಎಂದು ಗೊತ್ತಾಗುತ್ತದೆ. ಕಾಲುಗಳ ಅಡಿಗೆ ಕನಿಷ್ಠ ಎರಡು ಜಂತೆಗಳ ಮೇಲೆ ಅಡ್ಡ ಕೂರುವ ದಪ್ಪ ಹಲಗೆ ಇಡಬೇಕು. ಗೋಡೆಯೊಳಗೆ ಹೊಕ್ಕ ಜಂತೆಯ ತುದಿಯನ್ನು ದಬ್ಬಳದಿಂದ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಅದು ಲಡ್ಡಾಗಿದೆ. ಆಗ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡುವವರೆಗೆ ಕೆಲಸ ನಿಲ್ಲಿಸುವುದೇ ಜಾಣತನ.

ಅಟ್ಟದ ತಳ ನೆಲದಿಂದ 2.1 ಮೀಟರ್. ಚೌಕಟ್ಟು, ಹಾಸಿಗೆ ಕಳೆದರೆ ಮೇಲೆ ಸುಮಾರು 1.3 ಮೀಟರ್ ಉಳಿಯುತ್ತದೆ, ಕೂತರೆ ತಲೆ ತಾಗುವುದಿಲ್ಲ. ಗೋಡೆಯ ಆಸರೆ ಇಲ್ಲದ್ದರಿಂದ ಅಟ್ಟ ಓಲಾಡುತ್ತದೆ. ಹಿಂಬದಿಗೂ ಒಂದು ಪಕ್ಕಕ್ಕೂ ಓರೆಪಟ್ಟಿ ಕೊಟ್ಟು, ಎಂ10 (10 ಮಿ.ಮೀ. ದಪ್ಪದ) ಬೋಲ್ಟುಗಳನ್ನು ಅಗಲ ವಾಷರ್ ಹಾಕಿ ಬಿಗಿದೆ. ಮರ ಒಣಗಿ ಕುಗ್ಗುವುದರಿಂದ ಕೆಲವು ವಾರ ಕಳೆದ ಮೇಲೆ ಮತ್ತೆ ಬಿಗಿಯಬೇಕು. ಈ ಒಂದು ಕೆಲಸ ಬಿಟ್ಟರೆ ಅಟ್ಟ ಕಿರುಗುಟ್ಟಬಹುದು. ಬಿಸಿಗಾಳಿ ಮೇಲೇ ಸೇರುತ್ತದೆ, ಆದ್ದರಿಂದ ಗವಾಕ್ಷಿ ಮುಚ್ಚಬೇಡಿ.

ವೈರಿಂಗ್ ಗೋಡೆ ಕೊರೆಯದೆ, ಹೊರಪೈಪಿನಲ್ಲೇ. ಅಡುಗೆ ಮೂಲೆಗೆ ಬೇರೆ ಸರ್ಕ್ಯೂಟ್, ಜೊತೆಗೆ 30 ಮಿಲಿಆಂಪ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಕಡಿತಗೊಳಿಸುವ ಸ್ವಿಚ್ಚು.

ಪಾರಂಪರಿಕ ಪ್ರದೇಶದಲ್ಲಿ ಬೀದಿಕಡೆಯ ಕಿಟಕಿ ಬದಲಿಸಲು ಸಾಮಾನ್ಯವಾಗಿ ಅನುಮತಿ ಬೇಕು. ಹಳೇ ಕಿಟಕಿ ಹಾಗೇ ಇಟ್ಟು, ಒಳಗೆ 100 ಮಿ.ಮೀ. ಅಂತರದಲ್ಲಿ ಇನ್ನೊಂದು ಗಾಜಿನ ಚೌಕಟ್ಟು ಕೂರಿಸಿದರೆ ಬೀದಿಯ ಸದ್ದು ಚೆನ್ನಾಗಿಯೇ ತಗ್ಗುತ್ತದೆ. ಒಳಗಿನದಕ್ಕೆ ರಬ್ಬರ್ ಪಟ್ಟಿ ಬಿಗಿಯಾಗಿರಲಿ, ಹೊರಗಿನದರ ಸಂದು ಪೂರ್ತಿ ಮುಚ್ಚಬೇಡಿ. ಇಲ್ಲದಿದ್ದರೆ ನಡುವೆ ಹಬೆ ಕಟ್ಟುತ್ತದೆ.