ಡಿಸ್ಪ್ಯೂಟ್ ಗೆದ್ದ ಮೇಲೂ ಅಂಗಡಿಯಿಂದ ಬಿಲ್ ಬಂದರೆ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಆನ್‌ಲೈನಿನಲ್ಲಿ ತರಿಸಿದ 400 ಡಾಲರ್ ಊಟದ ಮೇಜು ಕಾಲು ಮುರಿದುಕೊಂಡು ಬಂತು ಅಂದುಕೊಳ್ಳಿ. ಅಂಗಡಿಯವರು ಉತ್ತರ ಕೊಡಲಿಲ್ಲ. ಕ್ರೆಡಿಟ್ ಕಾರ್ಡ್ ಕಂಪನಿಗೆ ಡಿಸ್ಪ್ಯೂಟ್, ಅಂದರೆ ಆ ಮೊತ್ತದ ಮೇಲೆ ತಕರಾರು, ಹಾಕಿದಿರಿ, ಹಣ ವಾಪಸ್ ಬಂತು. ಮೂರು ತಿಂಗಳು ಕಳೆದು ಅದೇ ಅಂಗಡಿಯಿಂದ 400 ಡಾಲರ್ ಬಿಲ್! ಬ್ಯಾಂಕೇ ತೀರ್ಮಾನ ಮಾಡಿದೆಯಲ್ಲ ಎಂದು ಅದನ್ನು ಹರಿದು ಬಿಸಾಡಬೇಡಿ. ಕಾರ್ಡ್ ಕಂಪನಿ ಹೀಗೆ ಹಣ ವಾಪಸ್ ಮಾಡುವುದಕ್ಕೆ ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ಅದು ರದ್ದು ಮಾಡುವುದು ಕಾರ್ಡಿನ ಮೂಲಕ ಆದ ಪಾವತಿಯನ್ನು ಮಾತ್ರ. ಅಂಗಡಿಗೂ ನಿಮಗೂ ನಡುವಿನ ವ್ಯಾಪಾರದ ಲೆಕ್ಕ ಅದರಿಂದ ಚುಕ್ತಾ ಆಗುವುದಿಲ್ಲ. ಬಾಕಿ ಇದೆ ಎಂದು ಅಂಗಡಿಯವರು ನೇರವಾಗಿ ಕೇಳಬಹುದು, ಬಾಕಿ ವಸೂಲಿ ಮಾಡುವ ಕಲೆಕ್ಷನ್ ಏಜೆನ್ಸಿಗೆ ಕೊಡಬಹುದು, ಕೋರ್ಟಿಗೂ ಹೋಗಬಹುದು.

ಮೊದಲು ಸ್ಟೇಟ್‌ಮೆಂಟ್ ತೆಗೆದು ನೋಡಿ. ಬಂದ ಹಣ ತಾತ್ಕಾಲಿಕವೋ ಅಂತಿಮವೋ? ಅಂಗಡಿಯವರು ದಾಖಲೆ ಕೊಟ್ಟು ವಾದಿಸಿದರೆ ಕಾರ್ಡ್ ಕಂಪನಿ ಕೊಟ್ಟದ್ದನ್ನು ಮತ್ತೆ ನಿಮ್ಮ ಬಾಕಿಗೆ ಸೇರಿಸಬಹುದು. ಆಗ ಅಂಗಡಿಗೂ ಕಟ್ಟಿದರೆ ಎರಡು ಸಲ ಕೊಟ್ಟಂತೆ. ಇದರ ತಿರುವುಮುರುವೂ ಉಂಟು: ಅಂಗಡಿಯ ರೀಫಂಡು, ಚಾರ್ಜ್‌ಬ್ಯಾಕು ಎರಡೂ ಬಂದಿರುತ್ತವೆ. ಹಾಗಿದ್ದರೆ ಬಿಲ್ ನ್ಯಾಯವಾದದ್ದೇ, ಕೊಟ್ಟುಬಿಡಿ.

ವಸ್ತು ಎಲ್ಲಿದೆ ಎಂಬುದು ಇನ್ನೂ ಮುಖ್ಯ. ಪೂರ್ತಿ ಹಣ ವಾಪಸ್ ಪಡೆದು ಮೇಜನ್ನೂ ಮನೆಯಲ್ಲೇ ಇಟ್ಟುಕೊಂಡಿದ್ದರೆ ಅಂಗಡಿಯವರ ಮಾತಿಗೆ ಬಲವಿದೆ. ಅಂಗಡಿಯವರೇ ತಮ್ಮ ಖರ್ಚಿನಲ್ಲಿ ಬಂದು ತೆಗೆದುಕೊಂಡು ಹೋಗಲಿ ಎಂದು ಅವರಿಗೆ ದಿನಾಂಕ ಹಾಕಿ ಬರೆಯಿರಿ, ಫೋಟೋ ಇಟ್ಟುಕೊಳ್ಳಿ. ವಾಪಸ್ ಕಳಿಸಿದ್ದರೆ ಟ್ರ್ಯಾಕಿಂಗ್ ನಂಬರಿನ ಜೊತೆಗೆ ಡೆಲಿವರಿ ಆದ ಪುಟವನ್ನೂ ಪ್ರಿಂಟ್ ಮಾಡಿಡಿ. ಕೊರಿಯರ್ ಕಂಪನಿಗಳ ವೆಬ್‌ಸೈಟಿನಲ್ಲಿ ಹಳೆಯ ವಿವರ ಕೆಲವು ತಿಂಗಳಲ್ಲಿ ಮಾಯವಾಗುತ್ತದೆ.

ಉತ್ತರ ಪತ್ರದಲ್ಲೇ ಇರಲಿ. ಆರ್ಡರ್ ನಂಬರ್, ಮೊತ್ತ, ಏನು ಕೆಟ್ಟಿತ್ತು, ಅಂಗಡಿಗೆ ಯಾವ ದಿನ ತಿಳಿಸಿದಿರಿ, ಡಿಸ್ಪ್ಯೂಟಿನ ಫಲಿತಾಂಶ, ಈ ಬಾಕಿಯನ್ನು ಏಕೆ ಒಪ್ಪುವುದಿಲ್ಲ: ಒಂದು ಪುಟ ಸಾಕು. ಪೋಸ್ಟ್ ಆಫೀಸಿನಿಂದ ಸರ್ಟಿಫೈಡ್ ಮೇಲ್‌ನಲ್ಲಿ, ರಿಟರ್ನ್ ರಿಸೀಟ್ (ತಲುಪಿದ್ದಕ್ಕೆ ಸಹಿಯ ರಸೀದಿ) ಸಮೇತ ಕಳಿಸಿ. ಫೋನಿನಲ್ಲಿ ಮಾತಾಡಿದ್ದಕ್ಕೆ ನಾಳೆ ಸಾಕ್ಷಿ ಇರುವುದಿಲ್ಲ. ಪೀಡೆ ತೊಲಗಲಿ ಎಂದು 25 ಡಾಲರ್ ಕಟ್ಟುವುದಂತೂ ಬೇಡವೇ ಬೇಡ: ಅನೇಕ ರಾಜ್ಯಗಳಲ್ಲಿ ಅಷ್ಟು ಕಟ್ಟಿದರೂ ದಾವೆ ಹೂಡುವ ಕಾಲಮಿತಿ ಹೊಸದಾಗಿ ಶುರುವಾಗಬಹುದು. ನಿಜವಾಗಿ ಸ್ವಲ್ಪ ಕೊಡಬೇಕಾಗಿದ್ದರೆ, ಇಷ್ಟಕ್ಕೆ ಲೆಕ್ಕ ಮುಗಿಯಿತು ಎಂದು ಅವರಿಂದ ಬರೆಸಿಕೊಂಡ ಮೇಲೆ ಕೊಡಿ.

ಕಲೆಕ್ಷನ್ ಏಜೆನ್ಸಿಗೆ ಹೋದರೆ ನಿಯಮ ಬೇರೆ. ಮೊದಲ ಸಂಪರ್ಕದಿಂದ 5 ದಿನದೊಳಗೆ ಅವರು ಸಾಲದ ವಿವರ ಕೊಡಬೇಕು. ಅದು ಕೈಗೆ ಬಂದ 30 ದಿನದೊಳಗೆ ನೀವು ಬರಹದಲ್ಲಿ ಆಕ್ಷೇಪಿಸಿದರೆ, ಪುರಾವೆ ಕಳಿಸುವ ತನಕ ವಸೂಲಿ ನಿಲ್ಲಿಸಬೇಕು. ಈ ಫೆಡರಲ್ ಕಾನೂನು ಸಾಮಾನ್ಯವಾಗಿ ಹೊರಗಿನ ವಸೂಲಿದಾರರಿಗೆ ಅನ್ವಯಿಸುತ್ತದೆ, ತನ್ನ ಹೆಸರಿನಲ್ಲೇ ಕೇಳುವ ಅಂಗಡಿಗಲ್ಲ. ಪೊಲೀಸರು ಬರುತ್ತಾರೆ, ವೀಸಾ ಹೋಗುತ್ತದೆ ಎಂದು ಯಾರಾದರೂ ಹೆದರಿಸಿದರೆ ದಯವಿಟ್ಟು ಬೆದರಬೇಡಿ. ಅಂಗಡಿ ಬಾಕಿಗೆ ಜೈಲಿಲ್ಲ, ಹಾಗೆ ಸುಳ್ಳು ಬೆದರಿಕೆ ಹಾಕುವುದು ವಸೂಲಿದಾರರಿಗೆ ನಿಷಿದ್ಧ. ಅಂಥ ಕರೆಗಳಲ್ಲಿ ಶುದ್ಧ ಮೋಸದವೂ ಇರುತ್ತವೆ. ಸೋಶಿಯಲ್ ಸೆಕ್ಯುರಿಟಿ ನಂಬರ್, ಬ್ಯಾಂಕ್ ವಿವರ ಬಾಯಿಬಿಡಬೇಡಿ.

ಈ ಬಾಕಿ ನಿಮ್ಮ ಕ್ರೆಡಿಟ್ ರಿಪೋರ್ಟಿಗೂ, ಅಂದರೆ ಸಾಲ, ಪಾವತಿಗಳ ದಾಖಲೆಗೂ, ಸೇರಬಹುದು. ಅದನ್ನು ಇಡುವ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಸಂಸ್ಥೆಗಳ ರಿಪೋರ್ಟನ್ನೂ ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ನಲ್ಲಿ ವಾರಕ್ಕೊಮ್ಮೆ ಉಚಿತವಾಗಿ ನೋಡಬಹುದು. ತಪ್ಪು ನಮೂದು ಕಂಡರೆ ಅದನ್ನು ತೋರಿಸುವ ಪ್ರತಿ ಸಂಸ್ಥೆಗೂ ಆಕ್ಷೇಪಣೆ ಸಲ್ಲಿಸಿ. ಸಾಮಾನ್ಯವಾಗಿ 30 ದಿನದೊಳಗೆ ಪರಿಶೀಲಿಸಬೇಕು. ಕಲೆಕ್ಷನ್ ನಮೂದು 7 ವರ್ಷ ಉಳಿಯಬಹುದು. ಒಂದೇ ಕಾರ್ಡು, ಒಂದು ವರ್ಷದ ಚರಿತ್ರೆ ಇರುವವರಿಗೆ ಅಪಾರ್ಟ್‌ಮೆಂಟ್ ಸಿಗುವುದೂ ಅದರಿಂದ ಕಷ್ಟವಾಗುತ್ತದೆ.

ಇದೆಲ್ಲಕ್ಕೂ ತಳಪಾಯ ಡಿಸ್ಪ್ಯೂಟ್ ಹಾಕುವ ಹೊತ್ತಿನಲ್ಲೇ ಬೀಳುತ್ತದೆ. ಆ್ಯಪಿನಲ್ಲಿ ಗುಂಡಿ ಒತ್ತಿದ್ದರೂ, ಆ ಮೊತ್ತ ಮೊದಲು ಕಾಣಿಸಿದ ಸ್ಟೇಟ್‌ಮೆಂಟ್ ಕಳಿಸಿದ 60 ದಿನದೊಳಗೆ ಕಾರ್ಡ್ ಕಂಪನಿಗೆ ಪತ್ರ ತಲುಪಿಸಿ. ಹಣ ಕಟ್ಟುವ ವಿಳಾಸಕ್ಕಲ್ಲ, ಬಿಲ್ಲಿಂಗ್ ವಿಚಾರಣೆಯ (ಬಿಲ್ಲಿಂಗ್ ಇನ್‌ಕ್ವೈರೀಸ್) ವಿಳಾಸಕ್ಕೆ. ಇಲ್ಲಿ ಎಡವುವವರು ಬಹಳ. ಡೆಬಿಟ್ ಕಾರ್ಡಿಗೆ ಈ ರಕ್ಷಣೆಯಿಲ್ಲ, ಆದ್ದರಿಂದ ದೊಡ್ಡ ಖರೀದಿಗೆ ಅದನ್ನು ಬಳಸಬೇಡಿ.

ಕೋರ್ಟಿನ ಸಮನ್ಸ್ ಬಂದರೆ ಅದರಲ್ಲಿ ಬರೆದ ದಿನದೊಳಗೆ ಉತ್ತರಿಸಲೇಬೇಕು. ಹೋಗದಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪಾಗುತ್ತದೆ, ಅನೇಕ ರಾಜ್ಯಗಳಲ್ಲಿ ಅದರ ಬಲದಿಂದ ಸಂಬಳಕ್ಕೇ ಕೈ ಹಾಕಬಹುದು. ಹೊಸಬರು ಮನೆ ಬದಲಾಯಿಸುವುದು ಜಾಸ್ತಿ. ಪೋಸ್ಟ್ ಆಫೀಸಿನಲ್ಲಿ ವಿಳಾಸ ಬದಲಾವಣೆ ದಾಖಲಿಸಿ, ಅಂಗಡಿಗೂ ಹೊಸ ವಿಳಾಸ ಬರೆದು ತಿಳಿಸಿ. ರಜೆಗೆ ಊರಿಗೆ ಹೋಗುವಾಗ ಟಪಾಲು ಪೆಟ್ಟಿಗೆಯ ಕೀಲಿಯನ್ನು ನಂಬಿಕಸ್ತ ಸ್ನೇಹಿತರಿಗೆ ಕೊಟ್ಟು, ಬಂದ ಲಕೋಟೆಗಳನ್ನು ಬಿಡಿಸಿ ಫೋಟೋ ಕಳಿಸಲು ಹೇಳಿ ಹೋಗಿ.